ಮನೆಮಂದಿ, ಗೆಳೆಯರ ಜೊತೆ ಸಫಾರಿ: ರೂಮಿಗಿಂತ ಮೊದಲು ಸೀಟು ನೋಡಿ

ಹತ್ತು-ಹದಿನೈದು ಮಂದಿ ಸೇರಿ ಕಬಿನಿಗೋ ಬಂಡೀಪುರಕ್ಕೋ ಹೋಗೋಣ ಎಂದು ಮಾತಾದ ತಕ್ಷಣ ಎಲ್ಲರೂ ಮೊದಲು ಹುಡುಕುವುದು ರೂಮು. ಹಿನ್ನೀರಿಗೆ ಮುಖ ಮಾಡಿದ ಹೋಂಸ್ಟೇ ಇದೆಯೇ, ಮಕ್ಕಳಿಗೆ ಈಜುಕೊಳ ಇದೆಯೇ, ಊಟ ಹೇಗೆ ಎಂದೆಲ್ಲ ವಿಚಾರಿಸಿ ಮುಂಗಡ ಕಟ್ಟುತ್ತಾರೆ. ಸಫಾರಿ ನೆನಪಾಗುವುದು ಆಮೇಲೆ. ಆ ಹೊತ್ತಿಗೆ ಶನಿವಾರ ಸಂಜೆಗೆ ಮೂರು ಸೀಟು, ಭಾನುವಾರ ಬೆಳಿಗ್ಗೆಗೆ ಐದು ಸೀಟು ಉಳಿದಿರುತ್ತದೆ. ಯಾರು ಹೋಗಬೇಕು, ಯಾರು ಬಿಡಬೇಕು ಎಂಬ ಮುನಿಸು ಕಾಡು ಸೇರುವ ಮೊದಲೇ ಶುರುವಾಗುತ್ತದೆ.

ಇದಕ್ಕೆ ಕಾರಣ ಸರಳ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಒಂದು ಹೊತ್ತಿಗೆ ಇಷ್ಟೇ ಗಾಡಿ ಎಂಬ ಮಿತಿ ಇದೆ. ಕಬಿನಿ, ಬಂಡೀಪುರದ ಸುತ್ತ ಎಷ್ಟೇ ದೊಡ್ಡ ರೆಸಾರ್ಟ್ ಇದ್ದರೂ ತನ್ನ ಸ್ವಂತ ಜೀಪನ್ನು ಕಾಡಿಗೆ ಬಿಡುವಂತಿಲ್ಲ. ಅರಣ್ಯ ಇಲಾಖೆಯ ಬಸ್ಸು ಅಥವಾ ಜೀಪು, ಇಲ್ಲವೇ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಗಾಡಿ, ಇವೆರಡರಲ್ಲೊಂದರಲ್ಲೇ ಹೋಗಬೇಕು. ರೆಸಾರ್ಟಿನವರು ‘ಸಫಾರಿ ಇದೆ’ ಎಂದರೆ, ಅಲ್ಲಿ ಸೀಟು ಸಿಕ್ಕರೆ ಕೊಡಿಸುತ್ತೇವೆ ಎಂದಷ್ಟೇ ಅರ್ಥ. ಹೀಗಾಗಿ ಲೆಕ್ಕ ಶುರುವಾಗಬೇಕಾದ್ದು ಸೀಟಿನಿಂದ. ಯಾವ ದಿನ, ಯಾವ ಹೊತ್ತಿಗೆ, ಯಾವ ಗಾಡಿಯಲ್ಲಿ ಎಷ್ಟು ಸೀಟು ಎಂಬುದು ಕೈಗೆ ಬಂದ ಮೇಲೆ ರೂಮು ನೋಡಿ. ಕಾಡಂಚಿನಲ್ಲಿ ರೂಮಿಗೆ ಬರ ಬರುವುದು ಅಪರೂಪ.

ಯಾರಿಗೆ ಯಾವ ಕಾಡು

ಗುಂಪಿನಲ್ಲಿ ಮಂಡಿನೋವಿನ ಅಜ್ಜಿ, ಶಾಲೆಗೆ ಹೋಗದ ಮಗು ಇಬ್ಬರೂ ಇದ್ದರೆ ಕಬಿನಿ ಒಳ್ಳೆಯದು. ಅಲ್ಲಿ ಜೀಪಿನ ಜೊತೆಗೆ ದೋಣಿ ಸಫಾರಿಯೂ ಇದೆ. ದೋಣಿ ಕುಲುಕುವುದಿಲ್ಲ, ಧೂಳಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಕೂತರೆ ದಡಕ್ಕೆ ನೀರು ಕುಡಿಯಲು ಬರುವ ಆನೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ನೀರುನಾಯಿ, ನೂರಾರು ನೀರುಹಕ್ಕಿ ಕಾಣುತ್ತವೆ. ಜಂಗಲ್ ಲಾಡ್ಜಸ್‌ನ ಕಬಿನಿ ರಿವರ್ ಲಾಡ್ಜ್ ಇರುವುದು ಕಾರಾಪುರದಲ್ಲಿ. ಅರಣ್ಯ ಇಲಾಖೆಯ ಸಫಾರಿ ಹೊರಡುವುದು ಅಂತರಸಂತೆ ದಾಟಿದ ಮೇಲೆ ಸಿಗುವ ದಮ್ಮನಕಟ್ಟೆಯಿಂದ. ಎರಡೂ ನಾಗರಹೊಳೆಯದೇ ಕಾಡು, ಆದರೆ ಗೇಟು ಬೇರೆ, ಬುಕಿಂಗ್ ಬೇರೆ. ಒಂದೇ ಗುಂಪಿನ ಅರ್ಧ ಮಂದಿ ಇಲ್ಲಿ, ಅರ್ಧ ಮಂದಿ ಅಲ್ಲಿ ಟಿಕೆಟ್ ಮಾಡಿಸಿಕೊಂಡು ಬೆಳಗಿನ ಜಾವ ಗಾಬರಿಯಾಗುವುದು ಹೊಸದೇನಲ್ಲ. ನಾಗರಹೊಳೆಗೆ ಹುಣಸೂರು ಕಡೆಯಿಂದ ವೀರನಹೊಸಹಳ್ಳಿ, ಕೊಡಗಿನ ಕುಟ್ಟ ಕಡೆಯಿಂದ ನಾಣಚ್ಚಿ ಗೇಟುಗಳೂ ಇವೆ. ಟಿಕೆಟ್ಟಿನಲ್ಲಿ ಬರೆದ ಗೇಟಿನ ಹೆಸರನ್ನು ಎರಡು ಸಲ ಓದಿ.

ಖರ್ಚು ಕಡಿಮೆ ಇರಬೇಕು, ಬೆಂಗಳೂರು-ಮೈಸೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬೇಕು ಎನ್ನುವ ಗೆಳೆಯರ ಗುಂಪಿಗೆ ಬಂಡೀಪುರ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಈಗ ಸಫಾರಿ ಹೊರಡುವುದು ಗುಂಡ್ಲುಪೇಟೆ-ಊಟಿ ರಸ್ತೆಯ ಮೇಲುಕಾಮನಹಳ್ಳಿಯಿಂದ. ಹಳೆಯ ನೆನಪಿನಲ್ಲಿ ನೇರ ಬಂಡೀಪುರ ಕ್ಯಾಂಪಸ್ಸಿಗೆ ಹೋಗಿ ನಿಂತರೆ ಹೊತ್ತು ತಪ್ಪುತ್ತದೆ.

ಹಕ್ಕಿ ನೋಡುವ ಹುಚ್ಚಿದ್ದವರು ಭದ್ರಾಕ್ಕೆ ಹೋಗಿ. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದು ಲಕ್ಕವಳ್ಳಿಯ ಬಳಿ ನಡುಗಡ್ಡೆಗಳು ಮೇಲೆ ಬಂದಾಗ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಮೊಟ್ಟೆ ಇಡುತ್ತವೆ, ದೋಣಿಯಿಂದಲೇ ಮರಿಗಳು ಕಾಣುತ್ತವೆ. ಆರೆಂಟು ಮಂದಿಯ ಸದ್ದಿಲ್ಲದ ಗುಂಪಾದರೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯನ್ನು ಮರೆಯಬೇಡಿ. ಅಲ್ಲಿ ಗದ್ದಲವಿಲ್ಲ, ಕಾಡು ಏರಿಳಿತದ್ದು, ತಂಪು. ಹುಲಿ ಕಾಣುವ ಸಂಭವ ಕಬಿನಿಗಿಂತ ಕಡಿಮೆ ಎಂಬುದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ.

ಯಾವ ತಿಂಗಳು

ಪ್ರಾಣಿ ಕಾಣಬೇಕೆಂದರೆ ಫೆಬ್ರವರಿ ಕೊನೆಯಿಂದ ಮೇ ನಡುವಿನವರೆಗೆ. ಎಲೆ ಉದುರಿ ಕಾಡು ತೆರೆದುಕೊಳ್ಳುತ್ತದೆ, ಸಣ್ಣ ಕೆರೆಗಳು ಬತ್ತಿ ಪ್ರಾಣಿಗಳು ಉಳಿದ ನೀರಿಗೆ ಬಂದೇ ಬರಬೇಕು. ಕಬಿನಿಯಲ್ಲಿ ಹಿನ್ನೀರು ಇಳಿದಂತೆ ದಡದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಏಪ್ರಿಲ್ ಹೊತ್ತಿಗೆ ಆನೆ ಹಿಂಡುಗಳು ಅಲ್ಲಿ ಸೇರುತ್ತವೆ. ಆದರೆ ಈ ಕಾಲದ ಎರಡು ತೊಂದರೆ ತಿಳಿದಿರಲಿ. ಒಂದು ಬಿಸಿಲು: ಮಧ್ಯಾಹ್ನದ ಸಫಾರಿಯ ಮೊದಲ ಒಂದು ಗಂಟೆ ವಯಸ್ಸಾದವರಿಗೆ ಹಿಂಸೆ. ಇನ್ನೊಂದು ಬೆಂಕಿ: 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕಾಳ್ಗಿಚ್ಚು ಹಬ್ಬಿದಾಗ ಸಫಾರಿ ನಿಂತಿತ್ತು. ಲಂಟಾನ ಕಳೆ ಒಣಗಿ ಪೊದೆಪೊದೆಯಾಗಿ ನಿಂತ ಕಾಡಿಗೆ ಕಿಡಿ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಧ್ಯಭಾರತದ ಕಾಡುಗಳಂತೆ ಇಲ್ಲಿ ಮೂರು ತಿಂಗಳು ಪೂರ್ತಿ ಬಾಗಿಲು ಹಾಕುವುದಿಲ್ಲ, ಆದರೆ ಜೋರು ಮಳೆ ಬಂದರೆ ದಾರಿ ಕೆಸರಾಗಿ ಟ್ರಿಪ್ ರದ್ದಾಗಬಹುದು. ಕಾಡು ನೋಡಲು ಚೆಂದ, ಪ್ರಾಣಿ ಹುಡುಕಲು ಕಷ್ಟ. ಅಕ್ಟೋಬರ್, ನವೆಂಬರ್‌ನಲ್ಲಿ ಹುಲ್ಲು ಆಳುದ್ದ ಬೆಳೆದು ದಾರಿಯ ಪಕ್ಕ ಹುಲಿ ಮಲಗಿದ್ದರೂ ಕಾಣದು. ಡಿಸೆಂಬರ್, ಜನವರಿಯ ಬೆಳಿಗ್ಗೆ ಮಂಜು, ತೆರೆದ ಜೀಪಿನಲ್ಲಿ ಕೈಬೆರಳು ಮರಗಟ್ಟುವ ಚಳಿ. ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ದಸರಾ ರಜೆ, ವರ್ಷದ ಕೊನೆಯ ವಾರ, ಉದ್ದ ವಾರಾಂತ್ಯ ಈ ಮೂರನ್ನು ಬಿಟ್ಟುಬಿಡಿ. ಗುಂಪಿನಲ್ಲಿ ನಾಲ್ವರು ಎರಡು ದಿನ ರಜೆ ಹಾಕಿ ಮಂಗಳವಾರ-ಬುಧವಾರ ಹೋದರೆ ಸೀಟೂ ಸುಲಭ, ಕಾಡಿನಲ್ಲಿ ಗಾಡಿಗಳ ಸಾಲೂ ಇರದು.

ಇನ್ನೊಂದು ಮಾತು. ತೆರೆದಿದೆಯೇ ಎಂದು ಕೇಳಿಯೇ ದುಡ್ಡು ಕಟ್ಟಿ. 2025ರ ನವೆಂಬರ್‌ನಲ್ಲಿ ಎಚ್.ಡಿ. ಕೋಟೆ, ಸರಗೂರು ಕಡೆಯ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿಯನ್ನೇ ನಿಲ್ಲಿಸಿತು. ಸಫಾರಿಗೆ ಓಡುವ ಸಿಬ್ಬಂದಿ ಹುಲಿ ಹಿಡಿಯುವ ಕೆಲಸಕ್ಕೆ ಬೇಕಾಗುತ್ತಾರೆ. ಕಾಡಂಚಿನವರ ಜೀವದ ಮುಂದೆ ನಮ್ಮ ರಜೆ ದೊಡ್ಡದಲ್ಲ. ಹೀಗಾಗಿ ಯಾವ ಗೇಟು ತೆರೆದಿದೆ, ದಿನಕ್ಕೆ ಎಷ್ಟು ಟ್ರಿಪ್ ಇದೆ ಎಂಬುದನ್ನು ಬುಕಿಂಗ್‌ಗೆ ಮೊದಲೊಮ್ಮೆ, ಹೊರಡುವ ಹಿಂದಿನ ದಿನ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ರದ್ದಾದರೆ ಎಲ್ಲಿಗೆ ಎಂಬ ಎರಡನೆಯ ಯೋಚನೆ ತಲೆಯಲ್ಲಿರಲಿ. ಕಬಿನಿಗೆ ಹೊರಟವರು ಭದ್ರಾವನ್ನೋ ರಂಗನತಿಟ್ಟನ್ನೋ ಇಟ್ಟುಕೊಳ್ಳಬಹುದು.

ಗುಂಪನ್ನು ಒಡೆಯುವುದು

ಇಡೀ ಪ್ರವಾಸ ಗೆಲ್ಲುವುದೂ ಸೋಲುವುದೂ ಇಲ್ಲಿ. ‘ಎಲ್ಲರೂ ಒಂದೇ ಗಾಡಿಯಲ್ಲಿ’ ಎಂಬ ಹಟ ಬಿಡಿ. ಜೀಪಿನಲ್ಲಿ ಆರರಿಂದ ಎಂಟು ಮಂದಿ, ಕ್ಯಾಂಟರ್ ಅಥವಾ ಬಸ್ಸಿನಲ್ಲಿ ಇಪ್ಪತ್ತರ ಆಸುಪಾಸು. ಎಲ್ಲರೂ ಒಟ್ಟಿಗೆ ಬಸ್ಸು ಹತ್ತಿದರೆ ಅದು ಮದುವೆ ದಿಬ್ಬಣವಾಗುತ್ತದೆ. ಮಾತು ನಿಲ್ಲುವುದಿಲ್ಲ, ಚಿಪ್ಸ್ ಪೊಟ್ಟಣ ಬಿಚ್ಚುವ ಸದ್ದು ನಿಲ್ಲುವುದಿಲ್ಲ.

ಲೆಕ್ಕಕ್ಕೆ ಹದಿನಾಲ್ಕು ಮಂದಿ ಎಂದಿಟ್ಟುಕೊಳ್ಳಿ: ತಾತ, ಅಜ್ಜಿ, ಮೂರು ದಂಪತಿಗಳು, ಮದುವೆಯಾಗದ ಚಿಕ್ಕಪ್ಪ, 3, 6, 9, 12, 15 ವರ್ಷದ ಐದು ಮಕ್ಕಳು. ಸಂಜೆಯ ಸಫಾರಿಗೆ 3 ವರ್ಷದ ಮಗುವನ್ನು ಕರೆದೊಯ್ಯಬೇಡಿ. ಮೂರು ಗಂಟೆ ಕೂರಿಸುವುದು ಮಗುವಿಗೂ ಶಿಕ್ಷೆ, ಜೊತೆಗಿದ್ದವರಿಗೂ. ಅದರ ತಾಯಿ ಲಾಡ್ಜಿನಲ್ಲಿ ಉಳಿಯಲಿ. ತಾತ, ಅಜ್ಜಿ, 6 ಮತ್ತು 9 ವರ್ಷದ ಮಕ್ಕಳು, ಒಂದು ದಂಪತಿ ಸೇರಿ ಆರು ಮಂದಿ ದೋಣಿಗೋ ಬಸ್ಸಿಗೋ. ದೊಡ್ಡ ಮಕ್ಕಳಿಬ್ಬರು, ಚಿಕ್ಕಪ್ಪ, ಇನ್ನೊಂದು ದಂಪತಿ, ಮಗುವಿನ ಅಪ್ಪ ಸೇರಿ ಆರು ಮಂದಿ ಜೀಪಿಗೆ. ಮರುದಿನ ಬೆಳಿಗ್ಗೆ ಅದಲು ಬದಲು: ಮಗುವಿನ ಅಪ್ಪ ಲಾಡ್ಜಿನಲ್ಲಿ, ಅಮ್ಮ ಜೀಪಿನಲ್ಲಿ, ಹಿಂದಿನ ದಿನ ಹಿರಿಯರ ಜೊತೆ ಹೋದ ದಂಪತಿ ಜೀಪಿಗೆ, ಜೀಪಿನಲ್ಲಿದ್ದ ದಂಪತಿ ಹಿರಿಯರ ಜೊತೆಗೆ. ಈ ಪಟ್ಟಿಯನ್ನು ಬುಕಿಂಗ್‌ಗೆ ಮೊದಲೇ ಬರೆದು ವಾಟ್ಸಾಪ್ ಗುಂಪಿಗೆ ಹಾಕಿ, ಲಾಡ್ಜಿನ ಮ್ಯಾನೇಜರಿಗೂ ಬರೆದು ತಿಳಿಸಿ. ಗಾಡಿ ಹಂಚುವುದು ಅವರ ಕೈಯಲ್ಲಿರುತ್ತದೆ. ಹೊರಡುವ ಹತ್ತು ನಿಮಿಷ ಮುಂಚೆ ಹೇಳಿದರೆ ಬದಲಿಸಲು ಅವರಿಗೂ ಆಗುವುದಿಲ್ಲ.

ಗಾಡಿಯಲ್ಲಿ ಕೂರುವ ಜಾಗದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹಿಂದಿನ ಸಾಲು ಹಿಂಚಕ್ರದ ಮೇಲೆ ಇರುವುದರಿಂದ ಗುಂಡಿ ಬಂದಾಗೆಲ್ಲ ಎತ್ತಿ ಹಾಕುತ್ತದೆ. ಬೆನ್ನುನೋವು, ಕತ್ತುನೋವು ಇದ್ದವರಿಗೆ ಮುಂದಿನ ಅಥವಾ ನಡುವಿನ ಸಾಲು. ಬೆನ್ನಿಗೆ ಶಸ್ತ್ರಚಿಕಿತ್ಸೆ ಆದವರು, ಬಸುರಿಯರು ಜೀಪು ಹತ್ತುವುದೇ ಬೇಡ. ಕ್ಯಾಮೆರಾ ಹಿಡಿದವರು ಅಂಚಿನಲ್ಲಿ ಕೂತರೆ ಸರಿ, ಆದರೆ ಎರಡೂ ಅಂಚನ್ನು ಅವರೇ ಹಿಡಿದರೆ ನಡುವಿನ ಮಕ್ಕಳಿಗೆ ಕಾಣುವುದು ಅವರ ಬೆನ್ನು ಮಾತ್ರ.

ಹಣ ಮತ್ತು ಬುಕಿಂಗ್

ಒಬ್ಬರೇ ಬುಕ್ ಮಾಡಲಿ. ಎಲ್ಲರ ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಒಂದು ಪಟ್ಟಿಯಲ್ಲಿ ಬರಲಿ. ಆಧಾರಿನಲ್ಲಿ ಇರುವ ಹಾಗೇ ಹೆಸರು ಬರೆಯಿರಿ; ಮನೆಯಲ್ಲಿ ಕರೆಯುವ ‘ಚಿನ್ನು’, ‘ಪುಟ್ಟಿ’ ಟಿಕೆಟ್ಟಿಗೆ ಬಂದರೆ ಗೇಟಿನಲ್ಲಿ ಕಿರಿಕಿರಿ. ಹೋಗುವಾಗ ಮೂಲ ಗುರುತಿನ ಚೀಟಿ ಒಯ್ಯಬೇಕು.

ಟಿಕೆಟ್ ಅರಣ್ಯ ಇಲಾಖೆಯ ಅಧಿಕೃತ ಜಾಲತಾಣದಲ್ಲಿ, ಅಥವಾ ಜಂಗಲ್ ಲಾಡ್ಜಸ್‌ನವರಿಂದ ನೇರವಾಗಿ ತೆಗೆದುಕೊಳ್ಳಿ. ಹೆಸರು, ಚಿತ್ರ ಎಲ್ಲ ಹೋಲುವ ನಕಲಿ ತಾಣಗಳಿವೆ. ಯಾರದೋ ಖಾಸಗಿ ಯುಪಿಐ ಸಂಖ್ಯೆಗೆ ಪೂರ್ತಿ ಹಣ ಕಳಿಸಿ ಎಂದರೆ ಅಲ್ಲಿಗೇ ನಿಲ್ಲಿಸಿ. ಜಂಗಲ್ ಲಾಡ್ಜಸ್‌ನ ಒಂದು ರಾತ್ರಿಯ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಊಟ, ಸಂಜೆ ಸಫಾರಿ, ರಾತ್ರಿ ಊಟ, ಬೆಳಗಿನ ಸಫಾರಿ, ತಿಂಡಿ ಎಲ್ಲ ಸೇರಿರುತ್ತದೆ. ರೂಮಿನ ಬಾಡಿಗೆ ನೋಡಿ ದುಬಾರಿ ಎನಿಸಿದರೂ ಹೊರಗಿನ ಹೋಂಸ್ಟೇ ಬಾಡಿಗೆಗೆ ಎರಡು ಸಫಾರಿ, ಮೂರು ಹೊತ್ತಿನ ಊಟ ಕೂಡಿ ನೋಡಿದ ಮೇಲೆ ತೀರ್ಮಾನಿಸಿ.

ತಲೆಗೆ ಇಷ್ಟು ಎಂದು ಲೆಕ್ಕ ಹಾಕುವಾಗ ಮರೆಯುವ ಬಾಬ್ತುಗಳು: ಕಾಡಿನ ಪ್ರವೇಶ ಶುಲ್ಕ, ಜಿಎಸ್‌ಟಿ, ಕ್ಯಾಮೆರಾ ಶುಲ್ಕ, ಬಾಡಿಗೆ ಟಿ.ಟಿ. (ಟೆಂಪೊ ಟ್ರಾವೆಲರ್) ಚಾಲಕನ ಬಾಟಾ ಮತ್ತು ಅವನ ಊಟ-ವಸತಿ, ಸಫಾರಿ ಚಾಲಕರಿಗೂ ಜೊತೆಗೆ ಬಂದು ಕಾಡನ್ನು ವಿವರಿಸುವ ನ್ಯಾಚುರಲಿಸ್ಟಿಗೂ ಕೊಡುವ ಭಕ್ಷೀಸು. ಕ್ಯಾಮೆರಾ ಶುಲ್ಕ ಲೆನ್ಸಿನ ಉದ್ದದ ಮೇಲೆ ಏರುತ್ತದೆ. ಅದನ್ನು ಕ್ಯಾಮೆರಾ ತಂದವರೇ ಕಟ್ಟಲಿ, ಗುಂಪಿನ ಲೆಕ್ಕಕ್ಕೆ ಸೇರಿಸಬೇಡಿ. ಒಟ್ಟು ಅಂದಾಜಿನ ಮೇಲೆ ಶೇ. 10 ಹೆಚ್ಚಿಗೆ ಇಟ್ಟುಕೊಳ್ಳಿ. ಅರ್ಧ ಹಣವನ್ನು ಬುಕಿಂಗ್‌ಗೆ ಮೊದಲೇ ಎಲ್ಲರಿಂದಲೂ ತೆಗೆದುಕೊಳ್ಳಿ. ಟಿಕೆಟ್ ಅವರವರ ಹೆಸರಿನಲ್ಲಿ ಇರುವುದರಿಂದ ಕೊನೆಯ ಗಳಿಗೆಯಲ್ಲಿ ಕೈಕೊಟ್ಟವರ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸುವುದು ಸುಲಭವಲ್ಲ. ಬರದವರ ಹಣ ವಾಪಸ್ ಇಲ್ಲ ಎಂಬುದನ್ನು ಹಣ ಕೊಡುವ ದಿನವೇ ಹೇಳಿ. ಆಮೇಲೆ ಹೇಳಿದರೆ ನೆಂಟಸ್ತನ ಕೆಡುತ್ತದೆ.

ಹೊರಡುವ ದಿನ

ಬೆಂಗಳೂರಿನಿಂದ ಕಬಿನಿಗೆ 210-220 ಕಿ.ಮೀ. ನಕ್ಷೆಯಲ್ಲಿ ನಾಲ್ಕೂವರೆ ಗಂಟೆ ತೋರಿಸಿದರೆ ಹದಿನಾಲ್ಕು ಮಂದಿಯ ಗುಂಪಿಗೆ ಆರೂವರೆ ಗಂಟೆ ಹಿಡಿಯಿರಿ. ತಿಂಡಿಗೆ ಮುಕ್ಕಾಲು ಗಂಟೆ, ಶೌಚಾಲಯಕ್ಕೆ ಎರಡು ಕಡೆ ನಿಲ್ಲುವುದು, ಒಂದು ಮಗುವಿನ ವಾಂತಿ, ಇವೆಲ್ಲ ಸೇರಿ ಅಷ್ಟಾಗುತ್ತದೆ. ಬೆಳಿಗ್ಗೆ ಐದೂವರೆಗೆ ಗಾಡಿ ಬಿಟ್ಟರೆ ಹನ್ನೆರಡಕ್ಕೆ ತಲುಪಿ, ಊಟ ಮಾಡಿ, ಒಂದು ಗಂಟೆ ಅಡ್ಡಾಗಿ, ಸಂಜೆಯ ಸಫಾರಿಗೆ ಮೈ ಸಿದ್ಧವಾಗಿರುತ್ತದೆ. ಎಂಟು ಗಂಟೆಗೆ ಹೊರಟವರು ಊಟವನ್ನು ನುಂಗಿ ಜೀಪು ಹತ್ತಿ, ಮೊದಲ ಗುಂಡಿಗೇ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಸಫಾರಿ ಗಾಡಿ ಯಾರಿಗೂ ಕಾಯುವುದಿಲ್ಲ. ಅರ್ಧ ಗಂಟೆ ಮೊದಲು ಅಲ್ಲಿರಬೇಕು.

ಹದಿನಾಲ್ಕು ಮಂದಿಗೆ ಹದಿನಾಲ್ಕು ಸೀಟಿನ ಟಿ.ಟಿ. ಸಾಲದು. ಬ್ಯಾಗು, ಮಗುವಿನ ಸಾಮಾನು, ಅಜ್ಜಿಯ ಕಾಲು ಚಾಚಲು ಜಾಗ ಎಲ್ಲ ಬೇಕು, ಹದಿನೇಳರದ್ದು ಹಿಡಿಯಿರಿ. ಡೀಸೆಲ್ ತುಂಬಿಸುವುದು, ಎಟಿಎಂ, ಔಷಧದ ಅಂಗಡಿ ಎಲ್ಲ ಎಚ್.ಡಿ. ಕೋಟೆಯಲ್ಲೇ ಮುಗಿಸಿ. ಮುಂದೆ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಆದ್ದರಿಂದ ಟಿಕೆಟ್ಟನ್ನು ಕಾಗದದಲ್ಲಿ ಮುದ್ರಿಸಿ ಒಯ್ಯಿರಿ.

ಬ್ಯಾಗಿನಲ್ಲಿ

ಬಟ್ಟೆ ಖಾಕಿ, ಬೂದು, ಮಾಸಲು ಹಸಿರು. ಬಿಳಿ, ಕಡುಗೆಂಪು, ಹೊಳೆಯುವ ಹಳದಿ ಬೇಡ. ಸೈನಿಕರ ಚುಕ್ಕೆ ಬಟ್ಟೆ ಹಾಕಲೇಬೇಕೆಂದಿಲ್ಲ. ಬಣ್ಣಕ್ಕಿಂತ ಸದ್ದು ಮುಖ್ಯ: ನೈಲಾನ್ ಜಾಕೆಟ್ ಕೈ ಎತ್ತಿದಾಗೆಲ್ಲ ಚರಚರ ಎನ್ನುತ್ತದೆ, ಬ್ಯಾಗಿನ ವೆಲ್ಕ್ರೋ ಕಿತ್ತರೆ ಇಪ್ಪತ್ತಡಿ ದೂರದ ಜಿಂಕೆ ತಲೆ ಎತ್ತುತ್ತದೆ. ಚಳಿಗೆ ಹತ್ತಿಯ ಒಳಂಗಿ, ಮೇಲೆ ಉಣ್ಣೆಯ ಸ್ವೆಟರ್. ಬೇಸಿಗೆಯ ಕೆಮ್ಮಣ್ಣಿನ ಧೂಳಿಗೆ ಒಂದೊಂದು ಹತ್ತಿಯ ಟವೆಲ್ಲು, ಮೂಗಿಗೆ ಕಟ್ಟಲು. ಉಬ್ಬಸ ಇರುವವರ ಇನ್ಹೇಲರ್ ಲಾಡ್ಜಿನಲ್ಲಿ ಅಲ್ಲ, ಜೇಬಿನಲ್ಲಿ ಇರಲಿ. ಸೆಂಟು ಬೇಡ.

ನೀರು ತಲೆಗೊಂದು ಲೀಟರ್, ಸ್ಟೀಲ್ ಬಾಟಲಿಯಲ್ಲಿ. ಪ್ಲಾಸ್ಟಿಕ್ಕನ್ನು ಕಾಡಿಗೆ ಒಯ್ಯಬೇಡಿ. ಆದರೆ ಸಫಾರಿಗೆ ಮುಂಚಿನ ಒಂದು ಗಂಟೆ ನೀರು, ಕಾಫಿ ಮಿತವಾಗಿರಲಿ. ಸುಮಾರು ಮೂರು ಗಂಟೆ ಗಾಡಿಯಿಂದ ಇಳಿಯುವಂತಿಲ್ಲ, ದಾರಿಯಲ್ಲಿ ಶೌಚಾಲಯವಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಇದು ನಿಜಕ್ಕೂ ದೊಡ್ಡ ತಾಪತ್ರಯ, ನಾಚಿಕೆಯಿಂದ ಅವರು ಹೇಳುವುದಿಲ್ಲ. ನೀವೇ ಮೊದಲು ಕೇಳಿ, ಅವರನ್ನು ಕಡಿಮೆ ಹೊತ್ತಿನ ಸವಾರಿಗೆ ಸೇರಿಸಿ. ಅವರ ಸಕ್ಕರೆ ಮಟ್ಟ ತೀರಾ ಇಳಿದರೆ ಎಂದು ಎರಡು ಖರ್ಜೂರ ಅಥವಾ ಒಂದು ಬೆಲ್ಲದ ತುಂಡು ಜೇಬಿನಲ್ಲಿರಲಿ. ಉಳಿದವರಿಗೆ ತಿನಿಸು ಬೇಡವೇ ಬೇಡ. ಗೇಟಿನ ಬಳಿಯ ಕೋತಿಗಳು ಪೊಟ್ಟಣದ ಸದ್ದಿಗೇ ಕಾದಿರುತ್ತವೆ.

ಬೈನಾಕ್ಯುಲರ್ 8×42 ಅಳತೆಯದು ಮೂವರಿಗೆ ಒಂದು ಸಾಕು. ಮಕ್ಕಳಿಗೆ ಅದನ್ನು ಹೊಂದಿಸಿಕೊಳ್ಳುವುದನ್ನು ಮನೆಯ ತಾರಸಿಯಲ್ಲೇ ಕಲಿಸಿ. ಕಾಡಿನಲ್ಲಿ ಕಲಿಯಲು ಹೊರಟರೆ ಅಷ್ಟರಲ್ಲಿ ಚಿರತೆ ಹೋಗಿರುತ್ತದೆ. ಕ್ಯಾಮೆರಾದವರಿಗೆ ಜೀಪಿನಲ್ಲಿ ಟ್ರೈಪಾಡ್ ನಿಲ್ಲದು. ಹಳೆಯ ಜೀನ್ಸ್ ಕಾಲನ್ನು ಮೊಣಕೈ ಉದ್ದ ಕತ್ತರಿಸಿ, ಒಂದು ಬಾಯಿ ಹೊಲಿದು, ಅಲ್ಲಿಗೆ ಹೋದ ಮೇಲೆ ಒಂದೂವರೆ ಕೆ.ಜಿ. ಅಕ್ಕಿ ತುಂಬಿ ಬಾಯಿ ಬಿಗಿದರೆ ಕಂಬಿಯ ಮೇಲೆ ಲೆನ್ಸು ಊರಲು ಒಳ್ಳೆಯ ದಿಂಬು. ಶಟರ್ 1/500ಕ್ಕಿಂತ ಇಳಿಸಬೇಡಿ, ಸಂಜೆ ಬೆಳಕಿಗೆ ಐಎಸ್‌ಒ 3200ರವರೆಗೆ ಏರಲು ಬಿಡಿ, ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ.

ಮೊಬೈಲಿನಲ್ಲೇ ಚಿತ್ರ ತೆಗೆಯುತ್ತೇವೆ ಎಂದು ನೆಚ್ಚಿಕೊಳ್ಳಬೇಡಿ. 2025ರ ನವೆಂಬರ್‌ನಲ್ಲಿ ಉತ್ತರಾಖಂಡದ ಕಾರ್ಬೆಟ್ ಕಾಡಿನ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ ಭಾಗದಲ್ಲಿ (ಒಳಗಿನ ಮುಖ್ಯ ಕಾಡಿನಲ್ಲಿ) ಪ್ರವಾಸಿಗರು ಮೊಬೈಲ್ ಬಳಸಬಾರದೆಂದು ಹೇಳಿದೆ. ಗೇಟಿನಲ್ಲಿ ಕೊಟ್ಟು ಹೋಗಿ ಎಂದರೆ ಕೊಟ್ಟು ಹೋಗಿ. ಎರಡು ಗಾಡಿಗಳಲ್ಲಿ ಹೋದವರು ವಾಪಸ್ ಬಂದು ಎಲ್ಲಿ ಸೇರಬೇಕು ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಭದ್ರಾ ಅಥವಾ ಮಲೆನಾಡಿನ ಬೇರೆ ಕಾಡಿಗೆ ಡಿಸೆಂಬರ್‌ನಿಂದ ಮೇ ನಡುವೆ ಹೋಗುವವರು ಉಣುಗಿನ ಬಗ್ಗೆ ಎಚ್ಚರ ವಹಿಸಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಇದರ ಕಡಿತದಿಂದ. ಉದ್ದ ಪ್ಯಾಂಟು, ಕಾಲುಚೀಲದೊಳಗೆ ಪ್ಯಾಂಟಿನ ತುದಿ, ತರಗೆಲೆಯ ಮೇಲೆ ಕೂರದಿರುವುದು ಇಷ್ಟನ್ನು ಪಾಲಿಸಿ. ಮಳೆಗಾಲದಲ್ಲಿ ಇದೇ ಜಾಗದಲ್ಲಿ ಇಂಬಳ (ಜಿಗಣೆ). ಉಪ್ಪು ಒಯ್ದರೆ ಸಾಕು.

ಗಾಡಿಯೊಳಗೆ

ಹತ್ತಿದ ಕೂಡಲೇ ಚಾಲಕರಿಗೆ ನಮಸ್ಕಾರ ಹೇಳಿ, ಹೆಸರು ಕೇಳಿ, ನಿಮಗೆ ಹಕ್ಕಿಯೂ ಇಷ್ಟ, ಮರವೂ ಇಷ್ಟ, ಹುಲಿಯೇ ಬೇಕೆಂದಿಲ್ಲ ಎಂದು ಹೇಳಿಬಿಡಿ. ಇದು ಬರಿಯ ಮರ್ಯಾದೆಯ ಮಾತಲ್ಲ. ‘ಹುಲಿ ತೋರಿಸಿ’ ಎಂದು ಒತ್ತಾಯಿಸಿದವರ ಗಾಡಿ ಒಂದು ಕೆರೆಯಿಂದ ಇನ್ನೊಂದಕ್ಕೆ ಓಡುತ್ತಲೇ ಇರುತ್ತದೆ, ಏನೂ ಕಾಣುವುದಿಲ್ಲ. ಹುಲಿಯೇ ಬೇಕೆಂದಿಲ್ಲ ಎಂದವರ ಗಾಡಿ ನಿಧಾನವಾಗಿ ಹೋಗುತ್ತದೆ, ನಿಲ್ಲುತ್ತದೆ. ಕಾಡಿನಲ್ಲಿ ನಿಂತ ಗಾಡಿಗೇ ಹೆಚ್ಚು ಕಾಣುವುದು.

ನಿಂತಾಗ ಏನು ಕೇಳಿಸಿಕೊಳ್ಳಬೇಕು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ, ಆಗ ಅವರೇ ಎಲ್ಲರಿಗಿಂತ ಸುಮ್ಮನಿರುತ್ತಾರೆ. ಹುಲಿ, ಚಿರತೆ ನಡೆದಾಡಿದಾಗ ಉಳಿದ ಪ್ರಾಣಿಗಳು ಎಚ್ಚರಿಕೆಯ ಕೂಗು ಹಾಕುತ್ತವೆ. ಚುಕ್ಕೆ ಜಿಂಕೆಯದು ಮೊನಚಾದ ಒಂದೇ ಚೀರು, ಬಿಟ್ಟು ಬಿಟ್ಟು. ಅದನ್ನು ಪೂರ್ತಿ ನಂಬಬೇಡಿ. ಸೀಳುನಾಯಿಗೂ ಕೂಗುತ್ತದೆ, ಒಮ್ಮೊಮ್ಮೆ ಬರಿಯ ಗಾಬರಿಗೂ. ಮುಸುವ ಮರದ ತುದಿಯಿಂದ ಕೆಮ್ಮಿದ ಹಾಗೆ ‘ಖಕ್ ಖಕ್’ ಎನ್ನುತ್ತದೆ. ಆಗ ಮುಸುವನನ್ನು ನೋಡಿ, ಅದು ಎತ್ತ ನೋಡುತ್ತಿದೆ ಎಂಬುದನ್ನು ನೋಡಿ. ಇಡೀ ಗುಂಪು ಒಂದೇ ಪೊದೆಯತ್ತ ಮುಖ ಮಾಡಿದ್ದರೆ ಅದರೊಳಗೆ ಏನೋ ಇದೆ. ಮೂರನೆಯದು ಕಡವೆ. ಅದು ಸುಮ್ಮಸುಮ್ಮನೆ ಕೂಗುವ ಪ್ರಾಣಿಯಲ್ಲ. ಬಾಲ ನೆಟ್ಟಗೆ ಎತ್ತಿ, ಒಂದು ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ, ಹಳೆಯ ಬಸ್ಸಿನ ರಬ್ಬರ್ ಹಾರ್ನ್ ಒತ್ತಿದ ಹಾಗೆ ‘ಪೊಂಕ್’ ಎಂದರೆ, ಮತ್ತೆ ಮತ್ತೆ ಎಂದರೆ, ಎಂಜಿನ್ ಆರಿಸಿ ಹತ್ತು ನಿಮಿಷ ಕಾಯುವುದು ಲೇಸು. ಹತ್ತು ನಿಮಿಷ ಎಂದರೆ ಗಡಿಯಾರದ ಹತ್ತು ನಿಮಿಷ. ಹೆಚ್ಚಿನ ಗುಂಪುಗಳು ಮೂರನೆಯ ನಿಮಿಷಕ್ಕೆ ಮಾತು ಶುರು ಮಾಡುತ್ತವೆ.

ಹೆಜ್ಜೆ ಗುರುತನ್ನೂ ಓದಬಹುದು. ದಾರಿಯ ಮಣ್ಣಿನಲ್ಲಿ ಹುಲಿಯ ಹೆಜ್ಜೆ ಗಾಡಿಯ ಚಕ್ರದ ಗುರುತಿನ ಮೇಲೆ ಇದ್ದರೆ, ಹಿಂದಿನ ಗಾಡಿ ಹೋದ ಮೇಲೆ ಹುಲಿ ಬಂದಿದೆ. ಅಂಚು ಚೂಪಾಗಿ, ಒಳಗೆ ತರಗೆಲೆ ಬಿದ್ದಿರದಿದ್ದರೆ ಹೊಸದು. ಚಕ್ರದ ಗುರುತು ಹೆಜ್ಜೆಯ ಮೇಲೆ ಹಾದಿದ್ದರೆ ಬಿಟ್ಟುಬಿಡಿ.

ಕಂಡದ್ದನ್ನು ತೋರಿಸುವ ಬಗೆಯೂ ಮೊದಲೇ ಗೊತ್ತಾಗಿರಲಿ. ‘ಅಲ್ಲಿ, ಅಲ್ಲಿ, ಆ ಮರದ ಹತ್ತಿರ’ ಎಂದರೆ ಕಾಡಿನಲ್ಲಿ ಎಲ್ಲವೂ ಮರವೇ. ಗಾಡಿಯ ಮೂತಿ ಹನ್ನೆರಡು ಗಂಟೆ ಎಂದಿಟ್ಟುಕೊಂಡು ‘ಎರಡು ಗಂಟೆ ಕಡೆ, ಬಿದಿರು ಮೆಳೆಯ ಬುಡ’ ಎಂದು ಪಿಸುಗುಟ್ಟಿದರೆ ಎಲ್ಲರ ಕಣ್ಣೂ ಒಂದೇ ಕಡೆ ಹೋಗುತ್ತದೆ. ಬೆರಳು ಚಾಚಬೇಡಿ, ಎದ್ದು ನಿಲ್ಲಬೇಡಿ. ಕುಳಿತ ಜನರೂ ಗಾಡಿಯೂ ಸೇರಿ ಪ್ರಾಣಿಯ ಕಣ್ಣಿಗೆ ಒಂದೇ ಆಕಾರ; ಒಬ್ಬರು ಎದ್ದ ಕೂಡಲೇ ಆ ಆಕಾರ ಒಡೆಯುತ್ತದೆ. ಆನೆ ಹಿಂಡಿನ ಎದುರು ಇದು ಇನ್ನೂ ಮುಖ್ಯ. ಮರಿ ಇರುವ ಹಿಂಡು ಕಿವಿ ಅಗಲಿಸಿ, ಸೊಂಡಿಲು ಸುತ್ತಿ ನಿಂತರೆ ಚಾಲಕರು ಹಿಂದೆ ಸರಿಯುತ್ತಾರೆ. ‘ಇನ್ನೊಂದೇ ಫೋಟೋ’ ಎಂದು ತಡೆಯಬೇಡಿ. ಗಾಡಿಯಿಂದ ಇಳಿಯುವುದು, ಪ್ರಾಣಿಗೆ ತಿನಿಸು ಎಸೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಏನೂ ಕಾಣದ ಸಫಾರಿ ಇದ್ದೇ ಇರುತ್ತದೆ. ಅದಕ್ಕೆಂದೇ ಮಕ್ಕಳ ಕೈಗೆ ಒಂದು ಸಣ್ಣ ಪುಸ್ತಕ, ಪೆನ್ಸಿಲ್ ಕೊಡಿ: ಕೆಂಜಳಿಲು, ಮುಂಗುಸಿ, ಕಾಟಿ, ಕಾಡುಕೋಳಿ, ಮರಕುಟಿಗ, ಮೊಸಳೆಯ ಚರ್ಮದಂತೆ ಬಿರಿದ ಮತ್ತಿ ಮರದ ತೊಗಟೆ, ಚಿಗುರದೆ ಹೂಬಿಟ್ಟ ಮುತ್ತುಗ. ಇಪ್ಪತ್ತು ಹೆಸರು ಬರೆದ ಮಗು ‘ಹುಲಿ ಸಿಗಲಿಲ್ಲ’ ಎಂದು ಅಳುವುದಿಲ್ಲ.

ರಾತ್ರಿ ಮತ್ತು ವಾಪಸ್

ರಾತ್ರಿ ಹಾಡಿನ ಪೆಟ್ಟಿಗೆ ಬೇಡ. ಕಾಡಂಚಿನಲ್ಲಿ ಸದ್ದು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಪಕ್ಕದ ಹೊಲದಲ್ಲಿ ಆನೆ ಕಾಯುವ ರೈತನಿಗೆ ಆನೆ ಬಂದ ಸದ್ದು ಕೇಳಿಸಬೇಕು. ಊಟವಾದ ಮೇಲೆ ಟಾರ್ಚ್ ಇಲ್ಲದೆ ರೂಮಿನಿಂದ ರೂಮಿಗೆ ಓಡಾಡಬೇಡಿ, ಕತ್ತಲಾದ ಮೇಲೆ ಹಿನ್ನೀರಿನ ದಡಕ್ಕೆ ಇಳಿಯಲೇಬೇಡಿ. ಬೆಳಗಿನ ಸಫಾರಿಗೆ ಐದೂವರೆಗೆ ಏಳಬೇಕು. ಹನ್ನೆರಡರವರೆಗೆ ಹರಟಿದವರು ಏಳುವುದಿಲ್ಲ, ಅವರಿಗಾಗಿ ಕಾದ ಉಳಿದವರಿಗೂ ಹೊತ್ತು ಮೀರುತ್ತದೆ. ಎಲ್ಲರನ್ನೂ ಎಬ್ಬಿಸುವ ಜವಾಬ್ದಾರಿ ಒಬ್ಬರಿಗೆ ವಹಿಸಿ. ತಾತ ಇದ್ದರೆ ಅವರಿಗೇ.

ಬೆಳಗಿನ ಸಫಾರಿ ಮುಗಿದು ತಿಂಡಿಯಾಗುವಾಗ ಹತ್ತಾಗುತ್ತದೆ, ರೂಮು ಬಿಡುವ ಹೊತ್ತು ಕೂಡಲೇ ಬರುತ್ತದೆ. ಬ್ಯಾಗನ್ನು ಹಿಂದಿನ ರಾತ್ರಿಯೇ ಕಟ್ಟಿಡಿ. ಅಲ್ಲಿಂದ ಮುಂದೆ ಹೋಗುವವರು ರಸ್ತೆ ಮುಚ್ಚುವ ಹೊತ್ತನ್ನು ಗೋಡೆಗೆ ಅಂಟಿಸಿದ ಹಾಗೆ ನೆನಪಿಡಿ: ಮೈಸೂರು-ಮಾನಂದವಾಡಿ ರಸ್ತೆಯೂ ಹುಣಸೂರು-ನಾಗರಹೊಳೆ-ಕುಟ್ಟ ರಸ್ತೆಯೂ ಸಂಜೆ 6ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತವೆ, ಬಂಡೀಪುರದ ಮೂಲಕ ಊಟಿ, ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗೇಟಿಗೆ ಕನಿಷ್ಠ ಮುಕ್ಕಾಲು ಗಂಟೆ ಮೊದಲು ತಲುಪುವ ಹಾಗೆ ಹೊರಡಿ, ಕಾಡಿನ ನಡುವೆ ಎಲ್ಲೂ ಗಾಡಿ ನಿಲ್ಲಿಸಬೇಡಿ. ಉಳಿದ ತಿಂಡಿಯನ್ನು ದಾರಿಬದಿಯ ಕೋತಿಗಳಿಗೆ ಹಾಕಲು ಮಕ್ಕಳು ಕಿಟಕಿ ಇಳಿಸುವುದು ಇಲ್ಲೇ. ಕಾಡು ದಾಟುವವರೆಗೆ ಗಾಜು ಮೇಲೇ ಇರಲಿ.